ಫೋನ್ ಬೂತಿನ ಅಳು

ಮಾರ್ಚ್ ೧೬, ಭಾನುವಾರ
ಬೆಳಿಗ್ಗೆ ಹನ್ನೊಂದೂವರೆ

‘ಹಳೇ ಕ್ಯಾಸೆಟ್’ ಕಾರ್ಯಕ್ರಮದ ನಿರೂಪಕ ಮಹಾಶಯರಿಗೆ,

ಬೇರೆ ಏನಂತ ಕರೆಯಬೇಕೋ ತಿಳಿಯಲಿಲ್ಲ. ‘ಇವರಿಗೆ’ ಅಂತ ಬರೆಯುವ ಹಕ್ಕನ್ನು ಹದಿನಾಲ್ಕು ವರ್ಷದ ಹಿಂದೆ ನಿಮ್ಮ ಮನೆಯ ಬೀಗದ ಕೈ ಜೊತೆಗೇ ಕೊಟ್ಟು ಬಂದೆ. ಕುಶಲ ವಿಚಾರಿಸುವುದಿಲ್ಲ. ನಿಮ್ಮ ಕುಶಲ ಬೆಳಿಗ್ಗೆಯೇ ಮಗಳು ಫೋನಿನಲ್ಲಿ ಹೇಳಿದ್ದಾಳೆ. “ಅಪ್ಪ ಆ ಜಾಕೆಟ್ ಇನ್ನೂ ಬಿಚ್ಚಿಲ್ಲ ಕಣಮ್ಮ. ಊಟ ಬೇಡ ಅಂತಾರೆ. ಇವತ್ತಿನ ಕಾರ್ಯಕ್ರಮನೂ ಮಾಡ್ಲಿಲ್ಲ. ಮುನ್ನೂರು ಜನರ ಮುಂದೆ ನಿಮ್ಮಮ್ಮ ನನ್ನ ಮಾನ ಕಳೆದಳು ಅಂತ ಗೋಡೆ ನೋಡ್ಕೊಂಡು ಕೂತಿದಾರೆ. ಒಂದು ಮಾತು ಫೋನ್ ಮಾಡಬಾರದಾ?”

ಫೋನ್ ಮಾಡುವುದಿಲ್ಲ. ಮೈಕು, ಫೋನು ಸಿಕ್ಕಿದರೆ ನನ್ನ ಧ್ವನಿ ತಾನಾಗೇ ಇಂಪಾಗಿಬಿಡುತ್ತದೆ. ಮೂವತ್ತೈದು ವರ್ಷದ ಕಸುಬು, ಏನು ಮಾಡುವುದು. ಅದಕ್ಕೇ ಬರೆಯುತ್ತಿದ್ದೇನೆ. ಕ್ಷಮೆ ಕೇಳುವುದಕ್ಕಲ್ಲ.

ನಿಮ್ಮ ಕಾರ್ಯಕ್ರಮವನ್ನು ನಾನು ನೋಡುವುದಿಲ್ಲ ಎಂದುಕೊಂಡಿದ್ದರೆ ತಪ್ಪು. ಪ್ರತಿ ಭಾನುವಾರ ಬಟ್ಟೆ ಒಗೆಯುವ ಮೆಷಿನ್ ಮೇಲೆ ಫೋನ್ ಒರಗಿಸಿಟ್ಟು ನೋಡುತ್ತೇನೆ. ಕೊಳೆ ಬಟ್ಟೆಗೂ ಅದಕ್ಕೂ ಹೊಂದುತ್ತದೆ. ಅರವತ್ತು ದಾಟಿದ ಮನುಷ್ಯ, ಕೂದಲಿಗೆ ಬೂಟ್ ಪಾಲಿಶಿನಂಥ ಬಣ್ಣ ಹಚ್ಚಿ, ಅದೇ ನೀಲಿ ಜೀನ್ಸ್ ಜಾಕೆಟ್ ಕಾಲರ್ ಎತ್ತಿಕೊಂಡು, ಮಲಗುವ ಕೋಣೆಯ ಗೋಡೆಗೆ ಹಳೇ ಪೋಸ್ಟರ್ ಅಂಟಿಸಿಕೊಂಡು, “ಸ್ನೇಹಿತರೇ, ತೊಂಬತ್ತರ ದಶಕ ಅಂದ್ರೆ ಚಿನ್ನ, ಅಪ್ಪಟ ಚಿನ್ನ” ಅಂತ ಶುರು ಮಾಡುವುದನ್ನು ನೋಡಿದರೆ ನನಗೆ ವಾರದ ಸಿಟ್ಟೆಲ್ಲ ಒಂದೇ ಏಟಿಗೆ ಬಂದು ಹೋಗುತ್ತದೆ. ವ್ಯಾಯಾಮ ಮಾಡಿದ ಹಾಗೆ.

ಚಿನ್ನವಂತೆ! ಯಾರಿಗೆ ಕಾಗೆ ಹಾರಿಸುತ್ತೀರಿ? ನೀವು ವಿಡಿಯೋ ಲೈಬ್ರರಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನೋಡಿದವರು. ನಾನು ಆ ಚಿನ್ನ ಕಾಯಿಸುವ ಒಲೆಯ ಪಕ್ಕ ನಿಂತಿದ್ದವಳು.

“ಆಗ ಒಂದೊಂದು ಹಾಡಿಗೂ ನೂರು ಜನ ವಾದ್ಯ ನುಡಿಸೋರು, ಈಗ ಎಲ್ಲ ಕಂಪ್ಯೂಟರು” ಅಂತ ಹೋದ ತಿಂಗಳು ಕಣ್ಣು ಮುಚ್ಚಿಕೊಂಡು ಹೇಳಿದಿರಲ್ಲ, ನೀವು ಹೊಗಳಿದ ಆ ಹಾಡಿನ ದಿನ ನಾನು ಪಕ್ಕದ ಡಬ್ಬಿಂಗ್ ಕೋಣೆಯಲ್ಲಿದ್ದೆ. ನೂರು ಜನ ಇರಲಿಲ್ಲ. ಕಾಲುಚೀಲ ತೂತಾಗಿದ್ದ ಒಬ್ಬ ಕೀಬೋರ್ಡಿನವನಿದ್ದ. ಒಂದು ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ಕಹಳೆ, ಮೂರನೆಯದು ಒತ್ತಿದರೆ ಯಾರೋ ತಗಡಿನ ಡಬ್ಬ ಮೆಟ್ಟಿಲ ಮೇಲಿಂದ ಉರುಳಿಸಿದಂಥ ಸದ್ದು. ಅದನ್ನೇ ನೀವು ‘ಎದೆ ಬಡಿತದ ತಾಳ’ ಅಂದಿರಿ. ಗಾಯಕರು ಬಂದರು, ಒಂದು ಚರಣ ಹಾಡಿದರು, ಕೆಳಗೆ ಕಾರು ಕಾಯುತ್ತಿದೆ ಅಂತ ಹೊರಟೇಬಿಟ್ಟರು. ಎರಡನೇ ಚರಣವನ್ನು ಅವರ ಹಾಗೇ ಹಾಡುವ ಇನ್ನೊಬ್ಬ ಹಾಡಿದ. ನೀವು ಎರಡನೇ ಚರಣದಲ್ಲೇ ಅವರ ಪ್ರತಿಭೆ ಎದ್ದು ಕಾಣುತ್ತದೆ ಅಂದಿರಿ. ನಾನು ಮೆಷಿನ್ ನಿಲ್ಲಿಸಿ ನಕ್ಕೆ.

ಟೀವಿಯ ಮಾತೋ, ಕೇಳುವುದೇ ಬೇಡ. ಧಾರಾವಾಹಿ ಬರುವ ಹೊತ್ತಿಗೆ ಬೀದಿ ಖಾಲಿ ಆಗುತ್ತಿತ್ತಂತೆ, ಜನ ಒಂದೇ ಮನೆಯಲ್ಲಿ ಕೂತು ಒಂದೇ ಕುಟುಂಬದ ಹಾಗೆ ನೋಡುತ್ತಿದ್ದರಂತೆ. ಹೌದು, ನೋಡುತ್ತಿದ್ದೆವು, ಯಾಕೆಂದರೆ ಉಳಿದ ಹತ್ತು ಮನೆಯಲ್ಲಿ ಟೀವಿ ಇರಲಿಲ್ಲ. ಮನೆ ಮಾಲೀಕರ ಹೆಂಡತಿ ಮೊದಲು ನಮ್ಮ ಪಾದ ನೋಡಿ, ಆಮೇಲೆ ಮುಖ ನೋಡಿ ಒಳಗೆ ಬಿಡುತ್ತಿದ್ದರು. ನೀವು ತಾರಸಿ ಮೇಲೆ ಆಂಟೆನಾ ಹಿಡಿದು “ಬಂತಾ?” ಅಂತ ಕೂಗುತ್ತಿದ್ದಿರಿ, ನಾವು ಕೆಳಗಿಂದ “ಬಂತು... ಹೋಯ್ತು!” ಅನ್ನುತ್ತಿದ್ದೆವು. ಅಷ್ಟು ಕಷ್ಟಪಟ್ಟು ನೋಡಿದ್ದೇನು? ಒಬ್ಬ ಸೊಸೆ ಮೆಟ್ಟಿಲು ಇಳಿಯಲು ಎರಡು ವಾರ. ಅತ್ತೆ ತಿರುಗಿ ನೋಡಲು ಮೂರನೇ ವಾರ. ನನ್ನನ್ನು ಕೇಳಿದರೆ ಆ ದಶಕದ ಟೀವಿಯಲ್ಲಿ ಪ್ರಾಮಾಣಿಕವಾಗಿದ್ದದ್ದು ‘ಅಡಚಣೆಗಾಗಿ ಕ್ಷಮಿಸಿ’ ಅನ್ನುವ ಫಲಕ ಒಂದೇ.

ಸಿನಿಮಾ? ನಲವತ್ತೆಂಟು ವರ್ಷದ ನಾಯಕ ಕೈಯಲ್ಲೊಂದು ಖಾಲಿ ನೋಟ್‌ಬುಕ್ ಹಿಡಿದು ಕಾಲೇಜಿಗೆ ಬರುತ್ತಿದ್ದ. ಇಪ್ಪತ್ತರ ನಾಯಕಿ ಏನಾದರೂ ಎದುರು ಮಾತಾಡಿದರೆ ಕೆನ್ನೆಗೆ ಬಾರಿಸುತ್ತಿದ್ದ. ಅವಳು ಕೆನ್ನೆ ಹಿಡಿದುಕೊಂಡು ಅವನನ್ನೇ ಪ್ರೀತಿಸುತ್ತಿದ್ದಳು. “ಇವತ್ತು ನನ್ನ ಕಣ್ಣು ತೆರೆಸಿದಿರಿ” ಅನ್ನುವ ಮಾತನ್ನು ನಾನು ಒಂದೇ ವರ್ಷದಲ್ಲಿ ಏಳು ನಾಯಕಿಯರ ಪರವಾಗಿ ಹೇಳಿದ್ದೇನೆ. ಏಟಿನ ಸದ್ದಿಗೆ ಒದ್ದೆ ಟವೆಲ್ ಮೇಲೆ ರಬ್ಬರ್ ಚಪ್ಪಲಿಯಿಂದ ಹೊಡೆಯುತ್ತಿದ್ದರು. ಆ ಚಪ್ಪಲಿ ಚೆನ್ನಾಗಿ ನಟಿಸುತ್ತಿತ್ತು. ‘ಆಗ ಹೆಣ್ಣಿಗೆ ಗೌರವ ಇತ್ತು’ ಅಂತ ನೀವು ಹೇಳಿದ ಕಂತಿಗೆ ನಾನೂರು ಜನ ಹೃದಯದ ಚಿತ್ರ ಒತ್ತಿದ್ದಾರೆ. ಒತ್ತಲಿ. ಈಗಿನದೂ ಕಸವೇ, ನಾನೇನು ಅದರ ಪರ ವಕಾಲತ್ತು ಮಾಡುತ್ತಿಲ್ಲ. ಈಗಿನವರು ತಮ್ಮ ಕಸವನ್ನು ಚಿನ್ನ ಅನ್ನುವುದಕ್ಕೆ ಇನ್ನೂ ಮೂವತ್ತು ವರ್ಷ ಇದೆ, ಅಷ್ಟೇ.

ಒಂದನ್ನು ಒಪ್ಪುತ್ತೇನೆ. ದಮ್ಮಿನ ಕಾಯಿಲೆಯ ಒಬ್ಬ ಕೊಳಲಿನವರಿದ್ದರು. ಒಂದು ದರಿದ್ರ ಹಾಡಿನ ನಡುವೆ ಹನ್ನೆರಡು ಸೆಕೆಂಡು ನುಡಿಸಿದ್ದರು. ನಮ್ಮ ಮದುವೆಯ ಮೊದಲ ವರ್ಷ, ಅಷ್ಟನ್ನೇ ನನಗೆ ಕೇಳಿಸಲು ನೀವು ಟೇಪನ್ನು ಮತ್ತೆ ಮತ್ತೆ ಹಿಂದಕ್ಕೆ ಸುತ್ತಿದಿರಿ, ಕೊನೆಗೆ ಸಿಕ್ಕುಬಿದ್ದ ರೀಲನ್ನು ಪೆನ್ಸಿಲ್ ಹಾಕಿ ಬಿಡಿಸುತ್ತ ಕೂತಿರಿ. ಆ ಹನ್ನೆರಡು ಸೆಕೆಂಡು ಚೆನ್ನಾಗಿತ್ತು. ಇರಲಿ, ಬಿಡಿ.

ಈಗ ವಿಷಯಕ್ಕೆ ಬರುತ್ತೇನೆ.

ಎರಡು ತಿಂಗಳ ಹಿಂದೆ ನೀವು ಆ ಫೋನ್ ಬೂತಿನ ದೃಶ್ಯ ಹಾಕಿದಿರಿ. ನಾಯಕಿ ಗಾಜಿನ ಬೂತಿನಲ್ಲಿ ನಿಂತು ಫೋನ್ ಮಾಡುತ್ತಾಳೆ, ಆ ಕಡೆಯಿಂದ ನಾಯಕ ಹೋಗಿಬಿಟ್ಟ ಸುದ್ದಿ ಬರುತ್ತದೆ, ಕೊನೆಯ ನಾಣ್ಯವೂ ಮುಗಿಯುತ್ತದೆ. “ಇನ್ನೊಂದು ನಿಮಿಷ ಇರು, ಒಂದೇ ನಿಮಿಷ” ಅನ್ನುತ್ತಾಳೆ. ಆಮೇಲೆ ಮಾತಿಲ್ಲ, ನಲವತ್ತು ಸೆಕೆಂಡು ಬರೀ ಅಳು. ನೀವು ಕಣ್ಣೊರೆಸಿಕೊಂಡು ಹೇಳಿದಿರಿ: “ಸ್ನೇಹಿತರೇ, ಈ ಅಳು ಕೇಳಿದ್ರೆ ಕಲ್ಲೂ ಕರಗುತ್ತೆ. ಗೊಂಬೆ ಇಲ್ಲಿ ನಟಿಸಿಲ್ಲ, ಜೀವ ಬಿಟ್ಟಿದ್ದಾರೆ. ಇವತ್ತಿನ ಹುಡುಗೀರಿಗೆ ಇದು ಬರುತ್ತಾ?”

ಗೊಂಬೆ ಅಂತ ಆ ನಟಿಗೆ ಮೊದಲು ಹೆಸರಿಟ್ಟಿದ್ದು ನಮ್ಮ ಡಬ್ಬಿಂಗ್ ಕೋಣೆಯವರು, ಆಮೇಲೆ ಊರೆಲ್ಲ ಹಾಗೇ ಕರೆಯಿತು. ಗೊಂಬೆಗೆ ಆಗ ನಮ್ಮ ಭಾಷೆಯ ಒಂದಕ್ಷರ ಬರುತ್ತಿರಲಿಲ್ಲ. ಆ ಅಳು ಯಾರದೆಂದು ಜಗತ್ತಿನಲ್ಲಿ ಹತ್ತೇ ಜನಕ್ಕೆ ಗೊತ್ತು, ಅವರಲ್ಲಿ ನೀವೊಬ್ಬರು. ಆ ದಿನ ಸ್ಟುಡಿಯೋ ಗೇಟಿನವರೆಗೆ ಸ್ಕೂಟರಿನಲ್ಲಿ ನನ್ನನ್ನು ಬಿಟ್ಟವರೂ ನೀವೇ. ಬಿಟ್ಟು, ಹೊಸ ಚಿತ್ರದ ಮೊದಲ ಆಟ ತಪ್ಪುತ್ತದೆ ಅಂತ ಗಾಡಿ ತಿರುಗಿಸಿಕೊಂಡು ಹೋದವರೂ ನೀವೇ. ಕಾರ್ಯಕ್ರಮದಲ್ಲಿ ನನ್ನ ಸುದ್ದಿಯೇ ಬರಲಿಲ್ಲ. ಅದಕ್ಕೆ ಬೇಸರವಿಲ್ಲ, ಇಪ್ಪತ್ಮೂರು ನಾಯಕಿಯರಿಗೆ ಗಂಟಲಾದವಳು ನಾನು, ಒಂದು ಚಿತ್ರದಲ್ಲೂ ಹೆಸರು ಬಂದಿಲ್ಲ. ಈಗ ಲಿಫ್ಟಿನಲ್ಲಿ ‘ಮೂರನೇ ಮಹಡಿ, ಬಾಗಿಲು ತೆರೆಯುತ್ತಿದೆ’ ಅನ್ನುವವಳೂ ನಾನೇ. ನೀವು ಬ್ಯಾಂಕಿಗೆ ಫೋನ್ ಮಾಡಿದರೆ ‘ದಯವಿಟ್ಟು ಕಾಯಿರಿ’ ಅನ್ನುವವಳೂ ನಾನೇ. ಅಲ್ಲಿ ಯಾರಾದರೂ ಹೆಸರು ಕೇಳುತ್ತಾರೆಯೇ?

ಆದರೆ ಆ ದೃಶ್ಯವನ್ನು ನೀವು ಹಾಕಬಾರದಿತ್ತು. ಆ ದೃಶ್ಯದ ವಿಷಯದಲ್ಲಿ ನಿಮ್ಮನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಯಾಕೆ ಅಂತ ಕೇಳಬೇಡಿ.

ಆಮೇಲೆ ಬಂತು ನಿಮ್ಮ ‘ತೊಂಬತ್ತರ ಸಂಜೆ’. ಮಗಳು ಆಮಂತ್ರಣ ಹಿಡಿದು ಬಂದಳು, ಕುರ್ಚಿಯ ತುದಿಯಲ್ಲಿ ಕೂತಳು. ಅವಳು ಹಾಗೆ ಕೂತರೆ ನಿಮ್ಮ ಕಡೆಯಿಂದ ಏನೋ ಹೊತ್ತು ತಂದಿದ್ದಾಳೆ ಅಂತಲೇ ಅರ್ಥ. “ಗೊಂಬೆ ಮೇಡಂಗೆ ಸನ್ಮಾನ ಅಂತೆ. ದೊಡ್ಡ ಪರದೆ ಮೇಲೆ ಆ ಸೀನ್ ಬರೀ ಚಿತ್ರ ಓಡುತ್ತಂತೆ, ಅವರು ಕೆಳಗೆ ಮೈಕ್ ಹಿಡಿದು ಲೈವ್ ಆಗಿ ಹೇಳೋ ಹಾಗೆ. ಆದ್ರೆ ಅವರಿಗೆ ಬರಲ್ವಲ್ಲಮ್ಮ... ಅದಕ್ಕೆ ಅಪ್ಪ...” ಅಂತ ನಿಲ್ಲಿಸಿದಳು.

“ಅದಕ್ಕೆ ನಾನು ಪರದೆ ಹಿಂದೆ ನಿಂತು ಅಳಬೇಕಾ?” ಅಂದೆ.

“ಎರಡೇ ನಿಮಿಷ ಅಂತೆ” ಅಂದಳು ಪಾಪ.

ಮೂವತ್ತೊಂದು ವರ್ಷದ ಮೇಲೆ, ಮನೆ ಬಿಟ್ಟು ಬಂದ ಹೆಂಡತಿಗೆ ಮಗಳ ಕೈಲಿ ಹೇಳಿಕಳಿಸುವ ಮಾತೇ ಇದು? ಆಗುವುದಿಲ್ಲ ಅಂತ ಹೇಳು ಅಂದೆ. ಅಲ್ಲಿಗೇ ಮುಗಿದುಹೋಗುತ್ತಿತ್ತು. ಮುಗಿಯದಂತೆ ಮಾಡಿದವರು ಗೊಂಬೆ.

ಬುಧವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ದಪ್ಪ ಕನ್ನಡಕದ, ಮಂಡಿನೋವಿನ ಹೆಂಗಸೊಬ್ಬರು ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದರು. ನಮ್ಮ ಕಟ್ಟಡದ ಲಿಫ್ಟು ಕೆಟ್ಟಿತ್ತು. ನಾನು ಗುರುತು ಹಿಡಿಯಲಿಲ್ಲ. ಅವರೇ, “ನಿಮ್ಮ ಬಾಯಿ ನಾನು” ಅಂದರು. ಅವರ ಇಪ್ಪತ್ತು ಚಿತ್ರದಲ್ಲಿ ಒಂಬತ್ತಕ್ಕೆ ನಾನು ಮಾತಾಡಿದ್ದೇನೆ, ಎದುರಾಬದುರು ಕೂತದ್ದು ಅದೇ ಮೊದಲು. ಈಗ ಅವರು ಹಲ್ಲಿನ ಡಾಕ್ಟರೊಬ್ಬರ ಹೆಂಡತಿ, ಗಂಡನ ಕ್ಲಿನಿಕ್ಕಿನಲ್ಲಿ ರೋಗಿಗಳ ಸರದಿ ನೋಡಿಕೊಳ್ಳುತ್ತಾರೆ. ಹರಕುಮುರುಕಾಗಿ ನಮ್ಮ ಭಾಷೆ ಕಲಿತಿದ್ದಾರೆ.

ಚಹಾ ಕೊಟ್ಟೆ. ಲೋಟ ಕೆಳಗಿಟ್ಟು ಕೇಳಿದರು: “ಆ ಫೋನ್ ಸೀನಲ್ಲಿ ನಾನು ಏನು ಹೇಳಿದ್ದು? ಮೂವತ್ತು ವರ್ಷ ಜನ ಅದೇ ಮಾತಾಡ್ತಾರೆ. ನಾನು ಹೂಂ ಹೂಂ ಅಂತೀನಿ. ನನಗೆ ಗೊತ್ತಿಲ್ಲ.”

ನಾನು ಸಂಭಾಷಣೆ ಹೇಳಿದೆ. ಅವರು ನಗಲು ಶುರು ಮಾಡಿದರು. “ಅಯ್ಯೋ, ನಾನು ಲೆಕ್ಕ ಹೇಳಿದ್ದು! ಡೈರೆಕ್ಟರು ಹೇಳಿದ್ರು, ಮೂವತ್ತರಿಂದ ಎಣಿಸು, ಕಣ್ಣಿಗೆ ಗ್ಲಿಸರಿನ್ ಹಾಕ್ತೀವಿ, ನಿಲ್ಲಿಸಬೇಡ. ನಾನು ಮೂವತ್ತು, ಮೂವತ್ತೊಂದು ಅಂತ ಐವತ್ತೆರಡು ತನಕ ಹೋದೆ.” ನಾವಿಬ್ಬರೂ ಫೋನಿನಲ್ಲಿ ದೃಶ್ಯ ಹಾಕಿಕೊಂಡು ತುಟಿ ನೋಡಿದೆವು. ಅವರು ಅವರ ಭಾಷೆಯಲ್ಲಿ ಎಣಿಸಿ ತೋರಿಸಿದರು. ಒಂದೂ ತಪ್ಪಲಿಲ್ಲ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

ನಗು ನಿಂತ ಮೇಲೆ ಅವರು ಕೇಳಿದರು, “ನಾನು ಎಣಿಸಿದೆ, ಸರಿ. ನೀವು ಹೇಗೆ ಹಾಗೆ ಅತ್ತಿರಿ? ನಾನು ಥಿಯೇಟರಲ್ಲಿ ಕೇಳಿ ಹೆದರಿದೆ. ಇದು ಸುಳ್ಳು ಅಳು ಅಲ್ಲ ಅಂತ ನನಗೆ ಗೊತ್ತಾಯ್ತು.”

ಅವರಿಗೆ ಹೇಳಿದೆ. ಮೂವತ್ತೊಂದು ವರ್ಷ ಯಾರಿಗೂ ಹೇಳದ್ದನ್ನು ಒಂದು ಲೋಟ ಚಹಾ ಆರುವಷ್ಟರಲ್ಲಿ ಹೇಳಿ ಮುಗಿಸಿದೆ. ಅವರು ನನ್ನ ಫೋನನ್ನು ಮಗುಚಿ ಇಟ್ಟರು. ಆಮೇಲೆ ತಮ್ಮ ಚೀಲದಿಂದ ತಮ್ಮ ಫೋನ್ ತೆಗೆದು ನಿಮಗೆ ಹಚ್ಚಿದರು, ನನಗೆ ಕೇಳಲಿ ಅಂತ ಸ್ಪೀಕರ್ ಒತ್ತಿದರು. ನಾನು ಅಲ್ಲೇ ಕೂತಿದ್ದೇನೆಂದು ನಿಮಗೆ ಗೊತ್ತಿರಲಿಲ್ಲ.

“ಸಾರ್, ಆ ಧ್ವನಿ ನಂದಲ್ಲ ಅಂತ ಸ್ಟೇಜಲ್ಲಿ ಹೇಳ್ತೀನಿ. ಅವರನ್ನ ನನ್ನ ಪಕ್ಕ ಕೂರಿಸಿ” ಅಂದರು.

ನೀವು ಏನು ಹೇಳಿದಿರಿ ಅಂತ ನೆನಪಿದೆಯೇ? ನನಗೆ ಅಕ್ಷರ ಅಕ್ಷರವೂ ನೆನಪಿದೆ. “ಮೇಡಂ, ಜನ ಬರೋದು ನೆನಪಿಗೋಸ್ಕರ. ಅದನ್ಯಾಕೆ ಕೆಡಿಸ್ತೀರಿ? ಅವಳ ಚಿಂತೆ ಬಿಡಿ, ಈಗ ಬೇಡ ಅಂತಾಳೆ, ಆಮೇಲೆ ಬರ್ತಾಳೆ. ಅವಳಿಗೆ ಪರದೆ ಹಿಂದೆ ನಿಂತು ಅಭ್ಯಾಸ.”

ಅಭ್ಯಾಸ! ನಾಯಿಗೆ ಮೂಲೆ ಅಭ್ಯಾಸ ಅಂದ ಹಾಗೆ. ಗೊಂಬೆ ಫೋನ್ ಇಟ್ಟು ನನ್ನ ಕೈ ಮೇಲೆ ಕೈಯಿಟ್ಟರು. “ನೀವು ಹೋಗಿ. ಆದ್ರೆ ಅಳಬೇಡಿ. ನಾನು ಏನು ಹೇಳಿದ್ದೋ ಅದನ್ನೇ ನೀವು ಹೇಳಿ” ಅಂದರು.

ಅವತ್ತೇ ಮಗಳಿಗೆ ಫೋನ್ ಮಾಡಿ ಒಪ್ಪಿಗೆ ಅಂದೆ. ಅವಳು ಖುಷಿಪಟ್ಟಳು. ಅವಳಿಗೆ ಮೋಸ ಮಾಡಿದ್ದಕ್ಕೆ ಮಾತ್ರ ನನಗೆ ನಾಚಿಕೆಯಿದೆ, ಅದನ್ನು ಅವಳ ಹತ್ತಿರವೇ ಹೇಳಿಕೊಳ್ಳುತ್ತೇನೆ.

ನಿನ್ನೆ ಸಂಜೆ ನೀವು ಮುಂದೆ ಏನು ನೋಡಿದಿರೋ ನನಗೆ ಗೊತ್ತಿಲ್ಲ. ನಾನಿದ್ದ ಕಡೆ ಒಂದು ಏಣಿ, ಕೈ ಮುರಿದ ಎರಡು ಕುರ್ಚಿ, ನೆಲ ಒರೆಸುವ ಬಕೆಟ್ಟು ಇದ್ದವು. ಸೌಂಡಿನವರು ಕಿವಿಗೆ ಹೆಡ್‌ಫೋನ್ ಕೊಟ್ಟರು. ಪರದೆ ತೆಳುವಾಗಿತ್ತು, ಹಿಂದಿನಿಂದ ಚಿತ್ರ ತಿರುಗುಮುರುಗಾಗಿ ಕಾಣುತ್ತಿತ್ತು. ನೀವು ನಿಮ್ಮ ‘ಅಪ್ಪಟ ಚಿನ್ನ’ ಹೇಳಿದಿರಿ. ಗೊಂಬೆಯನ್ನು ಹೊಗಳಿ ಅಟ್ಟಕ್ಕೇರಿಸಿದಿರಿ. “ಈಗ ಆ ಧ್ವನಿ, ಅದೇ ಧ್ವನಿ, ನಿಮ್ಮ ಮುಂದೆ!” ಅಂದಿರಿ. ದೀಪ ಆರಿತು.

ಬೂತು ಬಂತು. ಗೊಂಬೆಯ ಇಪ್ಪತ್ತೊಂದು ವರ್ಷದ ಮುಖ ಬಂತು. ತುಟಿ ಅಲುಗಿದಾಗ ನಾನು ಮೈಕಿಗೆ ಬಾಯಿ ಹಚ್ಚಿ, ಬ್ಯಾಂಕಿನಲ್ಲಿ ಟೋಕನ್ ಕರೆಯುವ ಧ್ವನಿಯಲ್ಲಿ ಹೇಳಿದೆ: ಮೂವತ್ತು. ಮೂವತ್ತೊಂದು. ಮೂವತ್ತೆರಡು. ಮೂವತ್ತೈದಕ್ಕೆ ಎಲ್ಲೋ ಒಬ್ಬರು ಕಿಸಕ್ಕೆಂದರು. ಮೊದಲು ಜೋರಾಗಿ ನಕ್ಕವರು ಗೊಂಬೆಯೇ, ಅವರ ಮೈಕು ಮುಚ್ಚಿದ್ದರೂ ನನಗೆ ಕೇಳಿಸಿತು. ನಲವತ್ತಕ್ಕೆ ಇಡೀ ಸಭೆ ನಗುತ್ತಿತ್ತು, ಸಿಳ್ಳೆ ಬಿತ್ತು, ನನ್ನ ಜೊತೆ ಎಣಿಸಲು ಶುರು ಮಾಡಿದರು. ಐವತ್ತೆರಡಕ್ಕೆ ಚಪ್ಪಾಳೆ. ನಿಮ್ಮ ಜನಕ್ಕೆ ನಿಮ್ಮ ಚಿನ್ನ ಕರಗಿದ್ದೇ ಹೆಚ್ಚು ಇಷ್ಟವಾಯಿತು, ನೋಡಿದಿರಾ?

ನೀವು ಪರದೆ ಸರಿಸಿಕೊಂಡು ಹಿಂದೆ ಬಂದಿರಿ. ಕೂದಲಿನ ಬಣ್ಣ ಬೆವರಿಗೆ ಇಳಿದು ಕಿವಿಯ ಹಿಂದೆ ಕಪ್ಪು ಗೆರೆ ಹರಿದಿತ್ತು. ಬೈಯುತ್ತೀರಿ ಅಂದುಕೊಂಡೆ. “ನಾನೇನು ಮಾಡಿದ್ದೆ ನಿಂಗೆ?” ಅಂದಿರಿ, ಅಷ್ಟೇ. ಸಣ್ಣ ದನಿಯಲ್ಲಿ. ನಾನು ಹೆಡ್‌ಫೋನ್ ಬಕೆಟ್ಟಿನ ಪಕ್ಕ ಇಟ್ಟು ಪಕ್ಕದ ಬಾಗಿಲಿನಿಂದ ಹೊರಟೆ. ಬಸ್ಸಿನಲ್ಲಿ ಕೂತಾಗ ಗೆದ್ದೆ ಅಂದುಕೊಂಡೆ. ಮೂರು ನಿಲ್ದಾಣ ದಾಟುವವರೆಗೂ ಅಂದುಕೊಂಡೆ.

ಆ ಜಾಕೆಟ್ ಬಿಚ್ಚಿ ಒಗೆಯಲು ಹಾಕಿ. ಏನಾದರೂ ತಿನ್ನಿ. ಮುಂದಿನ ಭಾನುವಾರ ನಿಮ್ಮ ಕಾರ್ಯಕ್ರಮ ಮಾಡಿ. ಮಾಡದಿದ್ದರೆ ನಾನು ಬಟ್ಟೆ ಒಗೆಯುವಾಗ ಯಾರನ್ನು ಬೈಯಲಿ? ಆದರೆ ಚಿನ್ನ ಅನ್ನುವುದನ್ನು ಬಿಡಿ. ಹಿತ್ತಾಳೆ ಅನ್ನಿ. ಹಿತ್ತಾಳೆಗೂ ಬೆಲೆ ಇದೆ.

ಇಂತಿ,
ಇಪ್ಪತ್ಮೂರು ನಾಯಕಿಯರ ಗಂಟಲು,
ನಿಮ್ಮ ಮಗಳ ತಾಯಿ

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಹರಿದೆ. ‘ನಾನೇನು ಮಾಡಿದ್ದೆ’ ಅಂತ ಕೇಳಿದಿರಲ್ಲ, ಉತ್ತರ ಬರೆಯದೆ ಹೇಗೆ ಕಳಿಸುವುದು?

ನೀವು ಏನೂ ಮಾಡಿರಲಿಲ್ಲ. ಆ ದಿನ ಬೆಳಿಗ್ಗೆ ನಾನೊಬ್ಬಳೇ ಆಸ್ಪತ್ರೆಗೆ ಹೋಗಿದ್ದೆ. ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತ ನಿಂತಿದೆ, ಇವತ್ತೇ ದಾಖಲಾಗಬೇಕು ಅಂತ ಡಾಕ್ಟರಮ್ಮ ಹೇಳಿದರು. ನಾಳೆ ಬರುತ್ತೇನೆ ಅಂದು ಎದ್ದು ಬಂದೆ. ಸ್ಟುಡಿಯೋ ಗೇಟಿನಲ್ಲಿ ನೀವು ಸ್ಕೂಟರ್ ನಿಲ್ಲಿಸಿ, “ಯಾಕೆ ಮುಖ ಹೀಗಿದೆ? ಡಾಕ್ಟರು ಏನಂದ್ರು?” ಅಂತ ಎರಡು ಸಲ ಕೇಳಿದಿರಿ. ಎಲ್ಲ ಚೆನ್ನಾಗಿದೆಯಂತೆ, ನೀವು ಹೋಗಿ, ಆಟಕ್ಕೆ ತಡವಾಗುತ್ತದೆ ಅಂದವಳು ನಾನು. ನಿಜ ಹೇಳಿದ್ದರೆ ನೀವು ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಆ ಪಾತ್ರಕ್ಕಾಗಿ ಇನ್ನೊಬ್ಬ ಹುಡುಗಿ ಬೆಂಚಿನ ಮೇಲೆ ಕಾಯುತ್ತಿದ್ದಳು. ಅವಳಿಗೆ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಒಂದೇ ಟೇಕಿನಲ್ಲಿ ಮುಗಿಸಿದೆ. ಮರುದಿನ ಆಸ್ಪತ್ರೆಯಲ್ಲಿ, ಈಗಷ್ಟೇ ಹೀಗಾಯಿತು ಅಂತ ನಿಮಗೆ ಹೇಳಿದೆ. ನೀವು ಅದನ್ನೇ ನಂಬಿದ್ದೀರಿ. ನಿಮಗೆ ಗೊತ್ತಿಲ್ಲದ ವಿಷಯಕ್ಕೆ ಮೂವತ್ತೊಂದು ವರ್ಷ ನಿಮ್ಮನ್ನು ಬೈದಿದ್ದೇನೆ. ನನ್ನನ್ನು ಬೈದುಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು.

ಆ ದೃಶ್ಯವನ್ನು ಇನ್ನು ಯಾರಿಗೂ ಕೇಳಿಸಬೇಡಿ. ಆದರೆ ನಿಮ್ಮ ಹತ್ತಿರ ಇರುವ ಪ್ರತಿಯನ್ನು ಅಳಿಸಲೂ ಬೇಡಿ. ನಾನು ಹಾಗೆ ಅಳುವಾಗ ಮಗು ಇನ್ನೂ ನನ್ನೊಳಗೇ ಇತ್ತು.